ಹೊಕ್ಕುಳಬಳ್ಳಿ ಕೊಯ್ದ ಹೊತ್ತು

ಫಸಲಿ ೧೩೫೦, ಇಸ್ಫಂದಾರ್ ತಿಂಗಳ ಹದಿನೈದನೆಯ ತಾರೀಖು. ಇಂಗ್ಲಿಷ್ ಲೆಕ್ಕದಲ್ಲಿ ೧೯೪೧ರ ಜನವರಿ ನಡುಭಾಗ. ಬೆಳಿಗ್ಗೆ ಎಂಟೂವರೆಗೆ ಅಫಜಲಪುರದ ಪೊಲೀಸ್ ಠಾಣೆಯ ಮುಂದೆ ಒಂದು ಎತ್ತಿನ ಗಾಡಿ ಬಂದು ನಿಂತಿತು. ಗಾಡಿಯಲ್ಲಿ ಗೊಬ್ಬೂರಿನ ಊರಕಾವಲಿನ ವಾಲೀಕಾರ ಕೂತಿದ್ದ. ಗಾಡಿಯ ಹಿಂದೆ, ಹಗ್ಗದಿಂದ ಕೈ ಕಟ್ಟಿಸಿಕೊಂಡು, ಒಬ್ಬ ಹೆಂಗಸು ಅಷ್ಟು ದೂರ ನಡೆದು ಬಂದಿದ್ದಳು. ಹಣೆಯ ಮೇಲೆ ರಕ್ತ ಒಣಗಿತ್ತು.

ವಾಲೀಕಾರ ಒಂದು ಲಕೋಟೆಯನ್ನು ಠಾಣೆಯ ಅಧಿಕಾರಿ ಅಮೀನ ಶಿವರಾಯರ ಮೇಜಿನ ಮೇಲಿಟ್ಟ. ಗೊಬ್ಬೂರಿನ ಕುಲಕರ್ಣಿ ಶ್ರೀಪಾದರಾಯರು ಕಳಿಸಿದ ಫಿರ್ಯಾದಿ. ಸೂತಕದಲ್ಲಿರುವ ಕಾರಣ ಖುದ್ದಾಗಿ ಬರಲಾಗಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆದಿದ್ದರು. ಉಳಿದದ್ದು ಹೀಗಿತ್ತು: ನಿನ್ನೆ ಹದಿನಾಲ್ಕರಂದು ಹಗಲು ಮೂರು ಗಂಟೆಗೆ ತಮ್ಮ ಹೆಂಡತಿ ಪ್ರಮಿಲಾಬಾಯಿ ಗಂಡು ಮಗುವನ್ನು ಹೆತ್ತಳು. ಹೊಕ್ಕುಳಬಳ್ಳಿ ಕೊಯ್ಯಲು ಊರ ಹೊರಗಿನ ಕೇರಿಯ ಮಲ್ಕಮ್ಮನನ್ನು ಕರೆಸಲಾಯಿತು. ಆಕೆ ಸೆರೆ ಕುಡಿದು ಬಂದು, ಕುಡುಗೋಲಿನಿಂದ ಬಳ್ಳಿ ಕೊಯ್ದು, ಮಾಸನ್ನು ಹರಿದೆಳೆದು, ಮೂರೂವರೆಗೆ ಬಾಣಂತಿಯನ್ನು ಕೊಂದಳು. ಶವಸಂಸ್ಕಾರ ಸಂಜೆಯೇ ಆಗಿದೆ. ಕಠಿಣ ಶಿಕ್ಷೆ ಆಗಬೇಕು.

ಶಿವರಾಯರು ಎರಡು ಸಲ ಓದಿದರು. ಎಫ್.ಐ.ಆರ್. ನಂಬರು ಏಳು ಎಂದು ದಾಖಲಿಸಿಕೊಂಡರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರು ಒಂದು ಮಾತು ಕಲಿತಿದ್ದರು: ಹೆಣ ಸುಟ್ಟ ಮೇಲೆ ಬರುವ ಫಿರ್ಯಾದಿಯನ್ನು ಮೂಗು ಮುಚ್ಚಿಕೊಂಡೇ ತೆರೆಯಬೇಕು.

"ಹಗ್ಗ ಬಿಚ್ಚಲೇ ದತ್ತಪ್ಪ," ಎಂದರು ಜವಾನನಿಗೆ. "ಸೆರೆ ವಾಸನಿ ಬರ್ತದೇನು ನೋಡು."

ದತ್ತಪ್ಪ ಹಗ್ಗ ಬಿಚ್ಚುತ್ತ ಮೂಸಿದ. "ಸೆರೆದಿಲ್ರಿ ಸಾಹೇಬ್ರ. ದವಾಖಾನಿ ವಾಸನಿ ಬರಾಕತ್ತದ."

ಮಲ್ಕಮ್ಮನಿಗೆ ಸುಮಾರು ಮೂವತ್ತೈದು ವರ್ಷ. ಕೇರಿಯ ಹೆಂಗಸರಲ್ಲಿ ತಲೆಮಾರುಗಳಿಂದ ಬಂದ ಕೆಲಸ ಆಕೆಯದು. ಊರಿನ ದೊಡ್ಡ ಮನೆಗಳಲ್ಲಿ ಹೆರಿಗೆಯಾದರೆ ಬಳ್ಳಿ ಕೊಯ್ಯುವುದು, ಮಾಸು ಹೂಳುವುದು, ರಕ್ತದ ಬಟ್ಟೆ ಒಗೆಯುವುದು. ಮೇಲಿನವರು ಮುಟ್ಟದ ಕೆಲಸಕ್ಕೆ ಮೇಲಿನವರು ಮುಟ್ಟದ ಕೈ ಬೇಕಲ್ಲ, ಅದಕ್ಕೆ. ಹೋದ ವರ್ಷ ಆಳಂದದಲ್ಲಿ ಸೂಲಗಿತ್ತಿಯರಿಗೆ ಮೂರು ತಿಂಗಳ ತರಬೇತಿ ನಡೆದಾಗ ಮಲ್ಕಮ್ಮ ಹೋಗಿ ಕಲಿತು ಬಂದಿದ್ದಳು. ಸರಕಾರದಿಂದ ಒಂದು ತಗಡಿನ ಪೆಟ್ಟಿಗೆ ಕೊಟ್ಟಿದ್ದರು. ಅದರಲ್ಲಿ ಕತ್ತರಿ, ಬಿಳಿ ದಾರ, ಸಾಬೂನು, ಒಂದು ಸೀಸೆ ಔಷಧ. ಪೆಟ್ಟಿಗೆ ಈಗ ವಾಲೀಕಾರನ ಗಾಡಿಯಲ್ಲಿ ಜಜ್ಜಿ ಬಿದ್ದಿತ್ತು.

"ಎಷ್ಟೊತ್ತಿಗೆ ಹೋದಿ ಕುಲಕರ್ಣ್ಯಾರ ಮನಿಗೆ?"

"ಮುಂಜಾನಿ ಹೊತ್ತು ಹೊಂಡಾಗ್ರಿ. ಇದೇ ವಾಲೀಕಾರ ಬಂದು ಕರದ. ಅವ್ವಗ ಬ್ಯಾನಿ ಸುರು ಆಗ್ಯಾವ ಅಂದ. ಕತ್ರಿ ಕುದಿಸಿಕೊಂಡು ಹೋದ್ನಿರಿ."

ಶಿವರಾಯರು ವಾಲೀಕಾರನ ಕಡೆ ನೋಡಿದರು. ಅವನು ಎತ್ತುಗಳ ಕಡೆ ನೋಡಿದ.

"ಹೋದ ಮ್ಯಾಲ?"

"ಹಿತ್ತಲಾಗ ಕುಂಡ್ರು, ಕರದಾಗ ಬಾ ಅಂದ್ರು. ಕುಂತೆ. ಹೊತ್ತು ಏರಿದಾಗ ಕೂಸು ಅತ್ತ ದನಿ ಕೇಳಿಸ್ತು. ಎದ್ದು ನಿಂತೆ. ಈಗ ಬ್ಯಾಡ ಅಂದ್ರು. ಒಳಗ ಅವ್ವ 'ಮಲ್ಕವ್ವ, ಮಲ್ಕವ್ವ' ಅಂತ ಕರಿಯಾಕತ್ತಿದ್ಳು. ಬಾಗಲಕ್ಕ ಹೊರಗಿಂದ ಚಿಲಕ ಹಾಕಿತ್ರಿ. ಕಸ ಬಿದ್ದಿಲ್ಲ, ಮಾಸು ಒಳಗ ಉಳದದ, ರಕ್ತ ಹೋಗಾಕತ್ತದ, ನನ್ನ ಬಿಡ್ರಿ, ಹೊಟ್ಟಿ ತಿಕ್ಕಬೇಕು ಅಂತ ಹೊಯ್ಕೊಂಡ್ನಿರಿ. ರಾಯರು ಹೊರಗ ಬಂದು ಬಾಯಿ ಮುಚ್ಚು ಅಂದ್ರು. ಹೊತ್ತು ವಾಲಿದ ಮ್ಯಾಲ ಚಿಲಕ ತಗದ್ರು."

"ಆಗ ಜೀವ ಇತ್ತೇನು?"

"ಕಣ್ಣು ಇದ್ವು. ನೋಡಿದ್ಳು ನನ್ನ. ಬಾಯಿ ಸುಣ್ಣದಂಗ ಬೆಳ್ಳಗಾಗಿತ್ತು. ಬಳ್ಳಿ ಕಟ್ಟಿ ಕೊಯ್ದು, ಹೊಟ್ಟಿ ತಿಕ್ಕಿ ಕಸ ತಗದೀನಿ. ಅದು ಬರೂದೂ ಆಕಿ ಹೋಗೂದೂ ಒಂದೇ ಆತ್ರಿ."

"ಯಾಕ ಬಿಡಲಿಲ್ಲ ನಿನ್ನ?"

"ನನಗೇನ್ ಗೊತ್ರಿ. ಒಳಗ ವಡಿ ಕರಿಯೂ ವಾಸನಿ ಬರ್ತಿತ್ತು."

ಒಂದು ಕಡೆ ವತನದಾರ ಕುಲಕರ್ಣಿಯ ಸಹಿ, ಇನ್ನೊಂದು ಕಡೆ ಕೇರಿಯ ಹೆಂಗಸಿನ ಬಾಯಿಮಾತು. ಕಚೇರಿಯಲ್ಲಿ ಯಾವುದು ನಿಲ್ಲುತ್ತದೆಂದು ಹೇಳಲು ಅಮೀನನೇ ಆಗಬೇಕಾಗಿರಲಿಲ್ಲ. ಹೀಗೆಯೇ ಬಿಟ್ಟರೆ ಮಲ್ಕಮ್ಮ ವರ್ಷಾನುಗಟ್ಟಲೆ ಜೈಲಿನಲ್ಲಿ ಕೊಳೆಯುತ್ತಾಳೆ, ಆಳಂದದ ತರಬೇತಿಯ ಹೆಸರೂ ಮಣ್ಣು ಪಾಲಾಗುತ್ತದೆ, ಗೊಬ್ಬೂರಿನ ಹೆಂಗಸರಿಗೆ ಮತ್ತೆ ಕುಡುಗೋಲೇ ಗತಿ. ಕಾಯಿದೆಯಂತೆ ಆಕೆಯನ್ನು ಹವಾಲಾತಿನಲ್ಲಿ ಇಟ್ಟು, ಹಣೆಗೆ ಔಷಧ ಹಾಕಿಸಿ, ಶಿವರಾಯರು ದತ್ತಪ್ಪನನ್ನು ಕರೆದುಕೊಂಡು ಗೊಬ್ಬೂರಿಗೆ ಹೊರಟರು. ವಾಲೀಕಾರನಿಗೆ ತಮ್ಮ ಜೊತೆಗೇ ಬರಲು ಹೇಳಿದರು. ಅವನು ಊರೊಳಗೆ ಭಟ್ಟರ ಮನೆಗೊಂದು ಚೀಟಿ ಕೊಟ್ಟು ಬರುತ್ತೇನೆ ಎಂದು ಓಡಿದ.

ಹಗಲು ಎರಡೂವರೆಗೆ ಪಂಚನಾಮೆ ಶುರುವಾಯಿತು. ಕುಲಕರ್ಣಿಯ ವಾಡೆ ದೊಡ್ಡದು. ಹೆರಿಗೆಯಾದ ಕೋಣೆ ಮಾತ್ರ ಹಿತ್ತಲಲ್ಲಿ ದನದ ಕೊಟ್ಟಿಗೆಗೆ ಅಂಟಿಕೊಂಡಿತ್ತು. ಉದ್ದ ಎಂಟು ಅಡಿ, ಅಗಲ ಐದು. ಕಿಟಕಿ ಇಲ್ಲ. ಒಂದೇ ಬಾಗಿಲು, ಚಿಲಕ ಹೊರಗೆ. ನೆಲಕ್ಕೆ ಹೊಸದಾಗಿ ಸಗಣಿ ಸಾರಿಸಿದ್ದರು. ದತ್ತಪ್ಪ ಅದರ ಮೇಲೆ ಕುರ್ಪಿ ಆಡಿಸಿದ. ಸಗಣಿಯ ಹಕ್ಕಳೆ ಎದ್ದು ಬಂತು. ಕೆಳಗೆ ಕರ್ರಗಿನ ರಕ್ತ, ಒಂದರ ಮೇಲೊಂದು ಪದರಾಗಿ, ಬಾಗಿಲ ಹೊಸ್ತಿಲ ತನಕ ಹರಿದು ಒಣಗಿತ್ತು. ಕೊಟ್ಟಿಗೆಯ ನೊಣಗಳೆಲ್ಲ ಅಲ್ಲಿಗೆ ಬಂದವು. ಅರ್ಧ ಗಂಟೆಯಲ್ಲಿ ಹರಿಯುವ ರಕ್ತ ಅದಾಗಿರಲಿಲ್ಲ. ದತ್ತಪ್ಪ ಹೊರಗೆ ಹೋಗಿ ಉಗುಳಿ ಬಂದ.

ಹಿತ್ತಲ ಮೂಲೆಯಲ್ಲಿ ಮಣ್ಣು ಕೆದಕಿದ ಗುರುತಿತ್ತು. ಪಂಚರ ಎದುರಿಗೆ ಅಗೆಸಿದರು. ಮೂರಡಿಗೆ ಮಡಕೆ ಸಿಕ್ಕಿತು. ಉಪ್ಪು, ಬೇವಿನ ಸೊಪ್ಪು, ನಡುವೆ ಮಾಸು. ಪಂಚರಿಬ್ಬರೂ ಮೂಗು ಹಿಡಿದು ಹಿಂದೆ ಸರಿದರು. ಶಿವರಾಯರು ಕೂತು ನೋಡಿದರು. ಬಳ್ಳಿಯ ತುದಿಗೆ ಬಿಳಿ ದಾರದ ಬಿಗಿ ಗಂಟು, ಕೊಯ್ದ ಕಡೆ ನುಣ್ಣಗೆ. ಕುಡುಗೋಲು ಹಾಗೆ ಕೊಯ್ಯುವುದಿಲ್ಲ. ಮಡಕೆಗೆ ಅರಗು ಹಾಕಿ, ಪಂಚರ ಸಹಿ ತೆಗೆದುಕೊಂಡು, ದತ್ತಪ್ಪನ ಕೈಯಲ್ಲಿ ಗುಲ್ಬರ್ಗಾದ ಹೆಣ್ಣು ಡಾಕ್ಟರು ಮೆಹರಾಜಬೇಗಂ ಅವರಿಗೆ ಕಳಿಸಿದರು. ಆಳಂದದಲ್ಲಿ ಮಲ್ಕಮ್ಮನಿಗೆ ಕಲಿಸಿದವರು ಅವರೇ.

ಶ್ರೀಪಾದರಾಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದ. ನಲವತ್ತರ ಒಳಗಿನ ವಯಸ್ಸು, ತೆಳ್ಳಗಿನ ಮೈ, ಅತ್ತು ಕೆಂಪಾದ ಕಣ್ಣು. ಅಳು ಸುಳ್ಳಾಗಿರಲಿಲ್ಲ ಎಂಬುದೇ ಶಿವರಾಯರಿಗೆ ಹೆಚ್ಚು ಅಸಹ್ಯವೆನಿಸಿತು, ಆದರೆ ಅದು ಆಮೇಲಿನ ಮಾತು.

"ಹೆರಿಗಿ ಎಷ್ಟೊತ್ತಿಗೆ ಆತು ರಾಯರ?"

"ಮೂರು ಗಂಟೆಕ್ಕ. ಬರದೀನಲ್ಲ."

"ಮಲ್ಕಮ್ಮ ಯಾವಾಗ ಬಂದ್ಳು?"

"ಅದೇ ಹೊತ್ತಿಗೆ."

"ನಿನ್ನಿ ಮನಿಯಾಗ ಏನಾರ ಕಾರ್ಯ ಇತ್ತೇನು?"

"ನಮ್ಮ ತಂದಿಯವರ ಶ್ರಾದ್ಧ. ಅಫಜಲಪುರದ ಹರಿಭಟ್ಟರು ಬಂದು ಮಾಡಿಸಿದ್ರು. ಅದೆಲ್ಲ ಮುಗದ ಮ್ಯಾಲೇ ಹೆರಿಗಿ ಆತು. ದೇವರ ದಯಾ."

ದೇವರ ದಯೆ ಎಂಬ ಮಾತು ಅಲ್ಲಿ ಯಾಕೆ ಬಂತೆಂದು ಶಿವರಾಯರಿಗೆ ಆಗ ಹೊಳೆಯಲಿಲ್ಲ. ಬರೆದುಕೊಂಡರು ಅಷ್ಟೆ. ಹೊರಡುವಾಗ ರಾಯ ತಾನಾಗಿಯೇ ಇನ್ನೊಂದು ಮಾತು ಹೇಳಿದ. ಹೆಂಡತಿಯ ಅಣ್ಣ ಯಡ್ರಾಮಿಯಲ್ಲಿ ವಕೀಲ, ನಾಲ್ಕೈದು ದಿನದಲ್ಲಿ ಬರುತ್ತಾನೆ, ಅಷ್ಟರೊಳಗೆ ಗುನ್ಹೆಗಾರ್ತಿ ಒಪ್ಪಿಕೊಂಡರೆ ಚೆನ್ನಾಗಿತ್ತು. ಫಿರ್ಯಾದಿ ಯಾರ ಕಣ್ಣಿಗಾಗಿ ಬರೆದದ್ದು ಎಂಬುದು ಆಗ ತಿಳಿಯಿತು.

ಊರಲ್ಲಿ ಯಾರೂ ಬಾಯಿ ಬಿಡಲಿಲ್ಲ. ಕುಲಕರ್ಣಿಯ ದಫ್ತರದಲ್ಲಿ ಎಲ್ಲರ ಹೊಲದ ಹೆಸರೂ ಇತ್ತು. ಬಾಯಿ ಬಿಟ್ಟವಳು ಶರೀಫಾಬಿ ಒಬ್ಬಳೇ. ವಾಡೆಯ ಹಿತ್ತಲಿಗೆ ಬೆನ್ನು ಹಚ್ಚಿದ ಮನೆಯಲ್ಲಿದ್ದ ಬಳೆಗಾರ್ತಿ, ವಯಸ್ಸಾದವಳು, ಹೊಲವಿಲ್ಲದವಳು. ನಿನ್ನೆಯೆಲ್ಲ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸುತ್ತ ಕೂತಿದ್ದಳು.

"ಮಲ್ಕಮ್ಮನ್ನ ನೋಡಿದೇನು?"

"ನೋಡಿದ್ನಿ ಸಾಬ್. ಮುಂಜಾನಿಯಿಂದ ಬಿಸಲಾಗ ಕುಂತಿದ್ಳು ಬಿಚಾರಿ. ನೀರು ಕೊಡ್ಲೇನು ಅಂದೆ. ಒಲ್ಲೆ, ಕೈ ತೊಳಕೊಂಡೀನಿ, ಏನೂ ಮುಟ್ಟಂಗಿಲ್ಲ ಅಂದ್ಳು."

"ಕೂಸು ಅತ್ತದ್ದು ಯಾವಾಗ?"

"ಎರಡನೇ ಚೀಲ ಮೆಣಸಿನಕಾಯಿ ಹರವಾಕತ್ತಿದ್ದೆ. ಹತ್ತು, ಹತ್ತೂವರಿ ಇರಬೇಕು. ಅಲ್ಲಾ ಕಸಂ, ಸಾಬ್, ಹೆಣ್ಣುಮಗಳು ಒಳಗ ಚೀರೂದು, ಇಕಿ ಹೊರಗ ಚೀರೂದು, ಪಡಸಾಲಿಯಾಗ ಮಂತ್ರ. ನಾ ಮಾಳಿಗಿ ಇಳದು ಕೆಳಗ ಹೋಗಿ ಕಿವಿ ಮುಚ್ಚಿಕೊಂಡು ಕುಂತೆ. ನನಗೂ ಗುನ್ಹಾ ಹತ್ತತದ."

ಇದೂ ಬಾಯಿಮಾತೇ. ಬಳೆಗಾರ್ತಿಯ ಮೆಣಸಿನಕಾಯಿ ಚೀಲದ ಲೆಕ್ಕವನ್ನು ಯಾವ ಮುನಸೀಫನೂ ಗಡಿಯಾರವೆಂದು ಒಪ್ಪುವುದಿಲ್ಲ. ಶಿವರಾಯರು ಆಕೆಯ ಹೇಳಿಕೆ ಬರೆದು, ಆ ಜಬಾನಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ವಾಪಸಾದರು.

ಹದಿನಾರನೆಯ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಠಾಣೆಯ ಹಿಂದಿನ ಓಣಿಯಲ್ಲಿದ್ದ ಹರಿಭಟ್ಟರ ಮನೆಗೆ ಹೋದರು. ಭಟ್ಟರು ಹಲಗೆಯ ಮೇಲೆ ಪಂಚಾಂಗ ಹರಡಿಕೊಂಡು ಕುಂಡಲಿ ಹಾಕುತ್ತಿದ್ದರು. ಒಳ್ಳೆಯ ಮನುಷ್ಯ, ಮಾತುಗಾರ.

"ಮೊನ್ನಿ ಗೊಬ್ಬೂರಾಗ ಶ್ರಾದ್ಧದ ಊಟ ಎಷ್ಟೊತ್ತಿಗೆ ಮುಗೀತು ಭಟ್ರ?"

"ಎರಡೂ ಮುಕ್ಕಾಲು. ಮೂರಕ್ಕ ಗಾಡಿ ಹತ್ತೀನಿ. ಯಾಕ್ರಿ ಅಮೀನ ಸಾಹೇಬರ?"

"ನೀವಿದ್ದಾಗ ಕೂಸಿನ ದನಿ ಕೇಳಿಸ್ತೇನು?"

"ಕೇಳಿಸ್ತು. ಹಿಂದಿನ ಮನಿದು ಅಂದ್ರು ರಾಯರು." ಭಟ್ಟರು ಹಲಗೆ ಮುಟ್ಟಿ ತೋರಿಸಿದರು. "ಪಾಪ, ನೋಡ್ರಿ, ಅವರದೇ ಕೂಸಿನ ಜಾತಕ ಇದು. ನಿನ್ನಿ ವಾಲೀಕಾರ ಚೀಟಿ ತಂದು ಕೊಟ್ಟ. ತಾಯಿ ಸತ್ತಾಳ, ತಂದಿ ಕೂಸಿನ ಮಾರಿ ನೋಡಬಹುದೋ ಇಲ್ಲೋ ಅಂತ ಕೇಳ್ಯಾರ. ಮೀನ ಲಗ್ನ. ತಂದಿಗೇನೂ ದೋಷಿಲ್ಲ."

"ಚೀಟಿ ಎಲ್ಲದ?"

ಭಟ್ಟರು ಪಂಚಾಂಗದ ನಡುವಿನಿಂದ ತೆಗೆದು ಕೊಟ್ಟರು. ಫಿರ್ಯಾದಿಯಲ್ಲಿದ್ದ ಅದೇ ಅಕ್ಷರ, ಅದೇ ಮಸಿ, ಬಹುಶಃ ಒಂದೇ ಸಲ ಕೂತು ಬರೆದದ್ದು. ಇಸ್ಫಂದಾರ್ ಹದಿನಾಲ್ಕು. ಜನನ ಹಗಲು ಹತ್ತು ಗಂಟೆ ಇಪ್ಪತ್ತು ಮಿನಿಟು. ಪಡಸಾಲೆಯ ಗಡಿಯಾರ ನೋಡಿ ಬರೆದಿದೆ, ಸಂಶಯ ಬೇಡ.

ಶಿವರಾಯರು ಆ ಚೀಟಿಯನ್ನು ಮತ್ತೊಮ್ಮೆ ಓದಿದರು. ಪೊಲೀಸರಿಗೆ ಮೂರು ಗಂಟೆ. ಗ್ರಹಗಳಿಗೆ ಹತ್ತು ಇಪ್ಪತ್ತು. ಅಮೀನನಿಗೆ ಸುಳ್ಳು ಬರೆದ ಕೈಗೆ ಕುಂಡಲಿಗೆ ಸುಳ್ಳು ಬರೆಯಲು ಧೈರ್ಯ ಬಂದಿರಲಿಲ್ಲ. ಸುಳ್ಳು ಹೊತ್ತು ಕೊಟ್ಟರೆ ದೋಷ ತನಗೆ ತಗಲುತ್ತದೋ ಇಲ್ಲವೋ ತಿಳಿಯುವುದು ಹೇಗೆ?

"ಭಟ್ರ, ಹತ್ತೂ ಇಪ್ಪತ್ತಕ್ಕ ಕೂಸು ಹುಟ್ಟಿದ್ರ ಮನಿಗೆ ಸೂತಕ. ಮತ್ತ ಶ್ರಾದ್ಧ ಹ್ಯಾಂಗ ನಡೀತು?"

ಭಟ್ಟರ ಬೆರಳು ಹಲಗೆಯ ಮೇಲೆ ನಿಂತಿತು. ಆದರೂ ಶಾಸ್ತ್ರದ ಪ್ರಶ್ನೆ ಕೇಳಿದರೆ ಉತ್ತರ ಹೇಳಿಯೇ ಅಭ್ಯಾಸ. "ಹುಟ್ಟಿದ ಕೂಡಲೇ ಸೂತಕ ಬರೂದಿಲ್ಲ. ನಾಳ, ಅಂದ್ರ ಬಳ್ಳಿ, ಕೊಯ್ದ ಮ್ಯಾಲ ಸುರು. ಕೊಯ್ಯೂ ತನಕ ತಂದಿ ಶುದ್ಧನ..."

ಅಷ್ಟು ಹೇಳಿ ನಿಲ್ಲಿಸಿದರು. "ಆಗ ಆ ಹೆಣ್ಣುಮಗಳು ಜೀವಂತ ಇದ್ಳೇನು ಸಾಹೇಬರ? ನಾ ಊಟ ಮಾಡೂ ಮುಂದ?"

ಶಿವರಾಯರು ಜಬಾನಿ ಬರೆಯಲು ಕಾಗದ ತೆಗೆದರು. ಭಟ್ಟರು ಎದ್ದು ಹಿತ್ತಲಿಗೆ ಹೋದರು. ವಾಂತಿ ಮಾಡುವ ಸದ್ದು ಕೇಳಿಸಿತು. ಬಂದು, ಬಾಯಿ ಒರೆಸಿಕೊಂಡು, ಜಬಾನಿಗೆ ಸಹಿ ಹಾಕಿದರು. ಎರಡನೆಯ ಸಲ ಬಡಿಸಿದ ಖೀರನ್ನೂ ತಾನು ಉಂಡೆನೆಂದು, ಯಾರೂ ಕೇಳದಿದ್ದರೂ, ಬರೆಸಿದರು.

ಹದಿನೇಳರ ಬೆಳಿಗ್ಗೆ ದತ್ತಪ್ಪ ಗುಲ್ಬರ್ಗಾದಿಂದ ಡಾಕ್ಟರ ಕಾಗದ ತಂದ. ಮಾಸು ಇಡಿಯಾಗಿದೆ, ಹರಿದಿಲ್ಲ, ಎಳೆದ ಗುರುತಿಲ್ಲ. ಬಳ್ಳಿಯನ್ನು ಕಟ್ಟಿ ಕತ್ತರಿಯಿಂದ ಕೊಯ್ಯಲಾಗಿದೆ, ನಾನು ಕಲಿಸಿದಂತೆಯೇ. ಸೂಲಗಿತ್ತಿಯನ್ನು ಹೆತ್ತ ಕೂಡಲೇ ಒಳಗೆ ಬಿಟ್ಟಿದ್ದರೆ ಈ ಹೆಂಗಸು ಬಹುಮಟ್ಟಿಗೆ ಬದುಕುತ್ತಿದ್ದಳು. ಕೊನೆಗೆ ಡಾಕ್ಟರು ಸರಕಾರಿ ಕಾಗದದಲ್ಲಿ ಬರೆಯಬಾರದ ಒಂದು ಸಾಲನ್ನೂ ಬರೆದಿದ್ದರು: ನಾವು ಕತ್ತರಿ ಕುದಿಸುವುದನ್ನು ಕಲಿಸಿದೆವು, ಬಾಗಿಲು ತೆರೆಯುವುದನ್ನು ಯಾರು ಕಲಿಸಬೇಕು?

ಶಿವರಾಯರು ಹವಾಲಾತಿನ ಬೀಗ ತೆಗೆಸಿದರು. ಮಲ್ಕಮ್ಮ ಹೊರಗೆ ಬಂದು ಕೈ ಮುಗಿಯಲೂ ಇಲ್ಲ, ಅಳಲೂ ಇಲ್ಲ.

"ನನ್ನ ಕತ್ರಿ ಕೊಡ್ರಿ ಸಾಹೇಬ್ರ. ಊರಾಗ ಇಬ್ಬರಿಗೆ ದಿನ ತುಂಬ್ಯಾವ."

"ಅದು ಮುದ್ದೆಮಾಲು, ಮಲ್ಕಮ್ಮ. ಮುಕದ್ದಮೆ ಮುಗಿಯೂ ತನಕ ಕೊಡಾಕ ಬರಂಗಿಲ್ಲ."

"ಹಂಗಾರ ಆ ಇಬ್ಬರಿಗೂ ಮುಕದ್ದಮೆ ಮುಗಿಯೂ ತನಕ ತಡೀರಿ ಅಂತ ನೀವೇ ಹೇಳ್ರಿ."

ದತ್ತಪ್ಪ ಬಾಯಿ ಮೇಲೆ ಕೈ ಇಟ್ಟುಕೊಂಡ. ಶಿವರಾಯರು ಮುಚ್ಚಳಿಕೆ ಬರೆಸಿಕೊಂಡು, ಕೇಳಿದಾಗ ಹಾಜರುಪಡಿಸುವ ಷರತ್ತಿನ ಮೇಲೆ ಕತ್ತರಿ ಕೊಟ್ಟರು. ಮೇಲಿನವರು ಕೇಳಿದರೆ ಬೈಗುಳ ತಿನ್ನುವುದು ಅವರಿಗೆ ಹೊಸದಲ್ಲ.

ಅಂದೇ ಹಗಲು ಎರಡಕ್ಕೆ ಗೊಬ್ಬೂರಿನಲ್ಲಿ ಶ್ರೀಪಾದರಾಯನ ತಾಯಿ ತುಳಜಾಬಾಯಿಯ ಜಬಾನಿ ತೆಗೆದುಕೊಂಡರು. ಕೆಂಪು ಸೀರೆಯ ಮುದುಕಿ, ಮಡಿಲಲ್ಲಿ ಮಗು. ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಅದರ ಬಾಯಿಗಿಡುತ್ತಿದ್ದಳು.

"ಹೆರಿಗಿ ಮುಂದ ಸೊಸಿ ಹತ್ರ ಯಾರಿದ್ರು ತಾಯಿ?"

"ಯಾರಿಲ್ಲ."

"ನೀವು?"

"ನಾ ಮಡಿಲೆ ಅಡಗಿ ಮಾಡಾಕತ್ತಿದ್ದೆ. ಮುಟ್ಟಿದ್ರ ಅಡಗಿ ಎಲ್ಲಾ ಮೈಲಿಗಿ. ಹೊಸ್ತಲದಾಗ ನಿಂತು ನೋಡಿದೆ. ಗಂಡು ಅಂತ ಹೇಳಿದೆ, ಶ್ರೀಪಾದ ಗಡಿಯಾರ ನೋಡಿದ."

"ಆಕಿ ಏನಾರ ಕೇಳಿದ್ಳೇನು?"

"ನೀರು. ತಂಬಿಗಿ ಹೊಸ್ತಲದಾಗಿಟ್ಟು ಕೋಲಿಲೆ ಒಳಗ ನೂಕಿದೆ. ಆಕಿಗೆ ನಿಲುಕಲಿಲ್ಲ. ಮತ್ತ ನೂಕಿದೆ, ಉರುಳಿತು." ಮುದುಕಿ ಮಗುವಿನ ಮುಖದ ಕಡೆಗೇ ನೋಡುತ್ತಿದ್ದಳು. "ಮಲ್ಕವ್ವನ್ನ ಬಿಡೋ ಅಂತ ಎರಡು ಸರ್ತಿ ಅಂದೆ ಶ್ರೀಪಾದಗ. ಮೂರನೇ ಸರ್ತಿ ಅನ್ನಲಿಲ್ಲ. ವಡಿ ಹೊತ್ತಾಕತ್ತಿದ್ವು."

ಶಿವರಾಯರು ಬರೆಯುವುದನ್ನು ನಿಲ್ಲಿಸಿ ಹೊರಗೆ ಹೋಗಿ ನಿಂತರು. ಕೊಲೆ, ದರೋಡೆ, ಬಾವಿಯಲ್ಲಿ ಕೊಳೆತ ಹೆಣ, ಎಲ್ಲ ನೋಡಿದವರು. ಆ ಕೋಲಿನಷ್ಟು ಹೇಸಿಗೆ ಯಾವುದೂ ತರಿಸಿರಲಿಲ್ಲ. ಒಂದು ಗಳಿಗೆ ಬಿಟ್ಟು ಒಳಗೆ ಬಂದು, ಮುದುಕಿ ತೋರಿಸಿದ ಕೋಲನ್ನು ಮುದ್ದೆಮಾಲು ಎಂದು ಜಪ್ತಿ ಮಾಡಿಸಿದರು.

ನಾಲ್ಕು ಗಂಟೆಗೆ ಶ್ರೀಪಾದರಾಯನ ಎದುರು ಚೀಟಿ ಇಟ್ಟರು. ಅವನು ನೋಡಿದ. ನಿರಾಕರಿಸಲಿಲ್ಲ.

"ಚಿಲಕ ಹಾಕಿದವ್ರು ಯಾರು?"

"ನಾನು."

"ಹತ್ತೂ ಇಪ್ಪತ್ತರಿಂದ ಮೂರರ ತನಕ."

"ಹೌದು."

"ಮಲ್ಕಮ್ಮ ಹೊರಗ ಕತ್ರಿ ಹಿಡಕೊಂಡು ಕುಂತಾಳ ಅಂತ ಗೊತ್ತಿತ್ತು?"

"ಗೊತ್ತಿತ್ತು. ಆಕಿನ್ನ ಒಳಗ ಬಿಟ್ಟಿದ್ರ ನಾಳ ಕೊಯ್ತಿದ್ಳು."

ನಿರ್ಲಕ್ಷ್ಯದಿಂದ ಸಾವು, ಸುಳ್ಳು ಫಿರ್ಯಾದಿ, ಪುರಾವೆ ನಾಶ ಎಂದು ದಾಖಲಿಸಿ, ನಾಲ್ಕೂ ಕಾಲಿಗೆ ಶ್ರೀಪಾದರಾಯನನ್ನು ದಸ್ತಗಿರಿ ಮಾಡಲಾಯಿತು. ಅವನು ಕೇಳಿಕೊಂಡದ್ದು ಒಂದೇ, ಕೈಗೆ ಬೇಡಿ ತೊಡಿಸುವವನು ಕೇರಿಯಲ್ಲಿ ಹುಟ್ಟಿದ ದತ್ತಪ್ಪನಾಗದೆ ಬೇರೆ ಯಾರಾದರೂ ಆದೀತೇ ಎಂದು. ದತ್ತಪ್ಪನೇ ತೊಡಿಸಿದ, ನಿಧಾನವಾಗಿ, ಎರಡೂ ಮುಂಗೈಗಳನ್ನು ಚೆನ್ನಾಗಿ ಮುಟ್ಟಿ.

ಆ ರಾತ್ರಿ ಠಾಣೆಯಲ್ಲಿ ಬರೆಸಿದ ಹೇಳಿಕೆಯಲ್ಲಿ ಕಾರಣ ಇದೆ. ಎರಡು ವರ್ಷ ಒಂದರ ಹಿಂದೊಂದು ಅವನ ತಂದೆಯ ಶ್ರಾದ್ಧ ತಪ್ಪಿತ್ತು. ಒಮ್ಮೆ ದಾಯಾದಿಯ ಸಾವು, ಒಮ್ಮೆ ದಾಯಾದಿಯ ಮನೆಯ ಹೆರಿಗೆ. ಎರಡೂ ಸಲ ಅಡುಗೆ ಆದಮೇಲೆ ಸುದ್ದಿ ಬಂದು ಎಲ್ಲವನ್ನೂ ದನಕ್ಕೆ ಹಾಕಿದ್ದರು. ಆಮೇಲೆ ತಂದೆ ಕನಸಿನಲ್ಲಿ ಬಂದು ಬರಿಯ ಎಲೆಯ ಮುಂದೆ ಕೂರುತ್ತಿದ್ದನಂತೆ. ಮೂರನೆಯ ವರ್ಷವೂ ಅವನನ್ನು ಹಸಿದು ಕಳಿಸಲು ಮಗನಿಗೆ ಮನಸ್ಸು ಬರಲಿಲ್ಲ. ಇದನ್ನು ಹೇಳುವಾಗ ಶ್ರೀಪಾದರಾಯ ಅತ್ತ.

ಶಿವರಾಯರು ಕೊನೆಯ ಪ್ರಶ್ನೆ ಕೇಳಿದರು. ಅದು ಕಾಯಿದೆಗೆ ಬೇಕಾದದ್ದಲ್ಲ, ಅವರಿಗೆ ಬೇಕಾದದ್ದು.

"ಬಾಗಲ ಹತ್ರ ಹೋಗಿದ್ರಲ್ಲ ನೀವು. ಒಳಗಿಂದ ಆಕಿ ಏನಂದ್ಳು ನಿಮಗ?"

"ಏನೂ ಬೈಲಿಲ್ಲ ಸಾಹೇಬರ. ಊಟ ಮುಗದ ಕೂಡಲೇ ಚಿಲಕ ತಗೀತೀನಿ ಅಂದಿದ್ದೆ. 'ಬ್ರಾಹ್ಮಣರ ಊಟ ಆತೇನ್ರಿ?' ಅಂತ ಕೇಳಿದ್ಳು. ಇನ್ನೂ ಇಲ್ಲ ಅಂದೆ. ಸ್ವಲ್ಪ ಹೊತ್ತಿಗೆ ಮತ್ತ ಕೇಳಿದ್ಳು. ಒಟ್ಟು ಮೂರು ಸರ್ತಿ." ಶ್ರೀಪಾದರಾಯ ಕಣ್ಣೊರೆಸಿಕೊಂಡ. "ಮಾವನ ಮಾರಿ ಸುದ್ಧಾ ನೋಡಿದಾಕಿ ಅಲ್ಲ. ಆದ್ರ ಶ್ರಾದ್ಧದ ಮ್ಯಾಲ ಅಷ್ಟು ಶ್ರದ್ಧಾ ಇತ್ತು ಆಕಿಗೆ."

ಶಿವರಾಯರು ಅವನ ಮುಖ ನೋಡಿದರು. ಅವನು ಆ ಮಾತನ್ನು ನಿಜವಾಗಿ ನಂಬಿದ್ದ. ಅದನ್ನು ಇದ್ದ ಹಾಗೆಯೇ ಬರೆದುಕೊಂಡು, ಸಹಿ ಮಾಡಿಸಿ, ದತ್ತಪ್ಪನಿಗೆ ಬೀಗ ಹಾಕಲು ಹೇಳಿದರು.